ಈಡಿಪಸ್ ಕಥೆ ಮತ್ತು ರೆನೆ ಜಿರಾರ್: ಬಲಿಪಶು ಸಿದ್ಧಾಂತ

ಫ್ರಾನ್ಸಿನ ಅವಿನ್ಯಾನ್‌ನಲ್ಲಿ ಹುಟ್ಟಿದ ರೆನೆ ಜಿರಾರ್ (1923–2015) ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಚಿಂತಕ. 2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಮುಖ್ಯ ಕೃತಿಗಳು: 'ಹಿಂಸೆ ಮತ್ತು ಪವಿತ್ರ' (1972), 'ಬಲಿಪಶು' (1982).

ಮನುಷ್ಯ ಇನ್ನೊಬ್ಬರ ಆಸೆಯನ್ನು ಅನುಕರಿಸುತ್ತಾನೆ ಎಂಬುದು ಅವರ ಮೂಲ ವಾದ. ಇಬ್ಬರೂ ಒಂದನ್ನೇ ಬಯಸಿದಾಗ ಪೈಪೋಟಿ ಹುಟ್ಟಿ, ಹಗೆ ಊರಿಗೆಲ್ಲ ಹರಡುತ್ತದೆ. ಕೊನೆಗೆ ಎಲ್ಲರ ಸಿಟ್ಟು ಒಬ್ಬನ ಮೇಲೆ, ಅಂದರೆ ಬಲಿಪಶುವಿನ ಮೇಲೆ ತಿರುಗಿ, ಅವನನ್ನು ಕೊಂದೋ ಹೊರಹಾಕಿಯೋ ಸಮುದಾಯ ಶಾಂತವಾಗುತ್ತದೆ. ಪುರಾಣವು ಈ ಹಿಂಸೆಯನ್ನು ಹಿಂಸಿಸಿದವರ ದೃಷ್ಟಿಯಿಂದಲೇ ಹೇಳುತ್ತದೆ.

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕವನ್ನು ಹೀಗೆ ಓದಿ ನೋಡಿ. ಥೀಬ್ಸ್‌ನಲ್ಲಿ ಪಿಡುಗು; ಕಾರಣ ಒಬ್ಬನೇ ಎಂಬ ನಂಬಿಕೆ. ಈಡಿಪಸ್ ಪರಸ್ಥಳದಿಂದ ಬಂದವನು, ಕಾಲಿನಲ್ಲಿ ಊನದ ಗುರುತಿದ್ದವನು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದನೆಂಬ ಆರೋಪ ಅವನ ಮೇಲೆ ಬಂದು ಅವನು ಬಹಿಷ್ಕೃತನಾಗುತ್ತಾನೆ. ಆದರೆ ಆ ತಂದೆ, ಲೇಯಸ್ ದೊರೆಯನ್ನು ಕೊಂದವರು ಹಲವರು ಎಂದು ಬದುಕುಳಿದ ಸೇವಕ ಹೇಳಿದ್ದ. ಆ ಸೇವಕ ರಂಗಕ್ಕೆ ಬಂದಾಗ ಕೊಂದವರು ಒಬ್ಬರೋ ಹಲವರೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ! ಓದುಗರು ಸುಲಭವಾಗಿ ದಾಟಿಹೋಗುವ ಈ ಮೌನವೇ ಜಿರಾರ್ ವಾದಕ್ಕೆ ದೊಡ್ಡ ಬಲ ಎಂದು ನನ್ನ ಅಭಿಪ್ರಾಯ. ಮುಂದೆ ಅಥೆನ್ಸ್ ಬಳಿಯ ಕೊಲೊನಸ್‌ನಲ್ಲಿ ಅದೇ ಬಹಿಷ್ಕೃತನ ಸಮಾಧಿ ಅಥೆನ್ಸಿಗೆ ರಕ್ಷೆಯಾಗುತ್ತದೆ. ಅವನ ಮಕ್ಕಳಾದ ಎಟಿಯೊಕ್ಲಿಸ್, ಪಾಲಿನೈಸಿಸ್ ಸಿಂಹಾಸನಕ್ಕಾಗಿ ಪರಸ್ಪರ ಕೊಂದುಕೊಂಡದ್ದು ಪೈಪೋಟಿಗೆ ನೇರ ಉದಾಹರಣೆ.

ಮನೋವಿಶ್ಲೇಷಕ ಫ್ರಾಯ್ಡ್ ಇದೇ ಕಥೆಯಲ್ಲಿ ತಾಯಿಯ ಮೇಲಿನ ಸುಪ್ತ ಬಯಕೆಯನ್ನು ಕಂಡರು. ಜಿರಾರ್ ಅದನ್ನು ಒಪ್ಪಲಿಲ್ಲ; ಅವರಿಗೆ ಮುಖ್ಯವಾದದ್ದು ಅನುಕರಿಸಿದ ಆಸೆ ಮತ್ತು ಬಲಿಪಶು. ಈ ವ್ಯತ್ಯಾಸ ನೆನಪಿಡಿ.