ಹಳ್ಳಿಯ ಬಡಕುಟುಂಬವೂ ಪುಷ್ಟಿಕರವಾದ ಆಹಾರವೂ

ಹೊಟ್ಟೆ ತುಂಬುವುದು ಬೇರೆ, ದೇಹಕ್ಕೆ ಪುಷ್ಟಿ ದೊರೆಯುವುದು ಬೇರೆ. ಹಳ್ಳಿಯ ಬಡವರು ಬಲಹೀನರಾಗಿರುವುದಕ್ಕೆ ಅವರ ಅಜ್ಞಾನವೇ ಕಾರಣವೆಂದು ಹೇಳುವವರುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅಡಿಗೆಮನೆಯಿಂದಲೇ ವಿಚಾರಿಸಿ ನೋಡೋಣ.

ಈ ಸೀಮೆಯವರ ಹಳೆಯ ಊಟವು ರಾಗಿಯ ಮುದ್ದೆ, ಸೊಪ್ಪು ಮತ್ತು ಕಾಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಸತ್ವವಿರುವುದು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಹುರುಳಿಯ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಸಸಾರಜನಕವುಂಟು. ಸೊಪ್ಪುಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವುದರಿಂದ ನೀರಿನಲ್ಲಿ ಕರಗಿದ ಸತ್ವವೂ ಊಟಕ್ಕೇ ಸೇರುವುದು. ಇದನ್ನು ರೂಢಿಗೆ ತಂದ ನಮ್ಮ ಅಜ್ಜಿಯರನ್ನು ಅಜ್ಞಾನಿಗಳೆನ್ನಬಹುದೇ?

ಆದರೆ ಜ್ಞಾನವೊಂದಿದ್ದರೆ ಸಾಲದು. ಹೊಲವುಳ್ಳ ರೈತನು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಬಿತ್ತಿ ಮನೆಗೆ ಬೇಕಾದ ಕಾಳನ್ನು ಪಡೆಯುವನು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿಯು ಸ್ಥಾಪಿತವಾದ ಬಳಿಕ, ನೀರು ಬಂದ ಕಡೆಗಳಲ್ಲಿ ಭತ್ತವೂ ಕಬ್ಬೂ ಹರಡಿದವು. ಅದರಿಂದ ನಾಡಿಗೆ ಸಂಪತ್ತು ಬಂದುದು ನಿಜ. ಆದರೂ ಕಬ್ಬು ಕಡಿಯುವ ಕೂಲಿಯಾಳಿಗೆ ಸ್ವಂತ ಹೊಲವಿಲ್ಲದಿದ್ದರೆ ಕಾಳೂ ತರಕಾರಿಯೂ ಸಂತೆಯಿಂದಲೇ ಬರಬೇಕು, ಹಾಲನ್ನೂ ಕೊಳ್ಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲೊರಿಯ ಆಹಾರದಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು ಅಥವಾ ಮೊಟ್ಟೆ-ಮಾಂಸ, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಇರತಕ್ಕದ್ದು. ನಾಲ್ವರು ವಯಸ್ಕರಿಗೆ ಲೆಕ್ಕ ಹಾಕಿದರೆ ತಿಂಗಳಿಗೆ ಕಾಳು 10 ಕಿಲೋ, ಹಾಲು 36 ಲೀಟರ್, ಸೊಪ್ಪು-ತರಕಾರಿ 48 ಕಿಲೋ ಆಗುವುದು. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಗೊತ್ತುಪಡಿಸಿತು. ಧಾನ್ಯವು ಹಸಿವನ್ನು ನೀಗಿಸುವುದು. ಬೆಲೆಯ ಭಾರವಿರುವುದು ಕಾಳು, ಹಾಲು, ಹಣ್ಣುಗಳಲ್ಲಿ. 2011ರ ಬೆಲೆ ಮತ್ತು ಕೂಲಿಗಳನ್ನು ತೂಗಿ ನೋಡಿದ ಒಂದು ಅಧ್ಯಯನದಂತೆ, ಭಾರತದ ಗ್ರಾಮೀಣ ಬಡವರಲ್ಲಿ ನೂರಕ್ಕೆ 63ರಿಂದ 76 ಮಂದಿಗೆ ಪುಷ್ಟಿಕರವಾದ ಆಹಾರವು ಎಟುಕದಾಗಿತ್ತು.

ಇದ್ದುದು ಸಾಲದ ಮನೆಯಲ್ಲಿ ಕೊರತೆಯು ಮೊದಲು ತಾಯಿಯ ತಟ್ಟೆಗೇ ಬರುವುದು. ಎಲ್ಲರೂ ಉಂಡು ಮಿಕ್ಕುದೇ ಅವಳ ಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಬರಿದಾದ ತಟ್ಟೆಯು ಅವುಗಳಲ್ಲಿ ಸಣ್ಣದಲ್ಲ.

ಆದುದರಿಂದ, ತಂದೆತಾಯಿಗಳೇ, ಸಹೋದರಿಯರೇ, ಹಿತ್ತಿಲಿನ ನುಗ್ಗೆಯನ್ನೂ ಮನೆಯ ಬಸ್ಸಾರನ್ನೂ ಉಳಿಸಿಕೊಳ್ಳೋಣ. ಮಗನಿಗೂ ಮಗಳಿಗೂ ಸಮವಾಗಿ ಬಡಿಸಿ, ತಾಯಿಯನ್ನೂ ಜೊತೆಯಲ್ಲೇ ಊಟಕ್ಕೆ ಕುಳ್ಳಿರಿಸೋಣ. ಆಳಿಟ್ಟು ಗೇಯಿಸುವವರು ನಮ್ಮಲ್ಲಿದ್ದರೆ, ಸಮಾನವಾದ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿನಷ್ಟೇ ಕೂಲಿ ಕೊಡತಕ್ಕದ್ದು. ಬಡ ಗೃಹಿಣಿಗೆ ಆಹಾರಶಾಸ್ತ್ರವನ್ನು ಬೋಧಿಸಹೊರಡುವ ಮುನ್ನ ಅವಳ ದಿನದ ಕೂಲಿಯೆಷ್ಟೆಂದು ಕೇಳಿ ತಿಳಿಯುವುದು ವಿದ್ಯಾವಂತರಾದ ನಮ್ಮ ಕರ್ತವ್ಯವಾಗಿರುವುದು.