ಹಗಲಿನ ಉದ್ದ ಅಳೆಯುವ ಅವರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಾವು ತೆಂಗಿನವರು. ತೆಂಗು ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಇಂಥ ಕಾಲವೇ ಬರಲಿ ಎಂದು ಕಾಯುವುದಿಲ್ಲ. ಹಾಗಾಗಿ ಹಗಲಿನ ಉದ್ದದ ಲೆಕ್ಕ ನನ್ನ ತಲೆಗೆ ಹೊಕ್ಕಿರಲೇ ಇಲ್ಲ. ಅದನ್ನು ಕಲಿಸಿದ್ದು ಅವರೆ. ಕಲಿಯಲು ಇಪ್ಪತ್ತು ಗುಂಟೆಯ ಒಂದು ಬೆಳೆ ಕಳೆದುಕೊಂಡೆ.

ಮೂರು ವರ್ಷದ ಹಿಂದಿನ ಮಾತು. ಬೇಸಿಗೆಯಲ್ಲಿ ಅವರೆಕಾಯಿಗೆ ಒಳ್ಳೆ ರೇಟು ಸಿಗುತ್ತೆ, ಕೊಳವೆಬಾವಿಯಲ್ಲಿ ನೀರೂ ಇದೆ ಎಂದು ಫೆಬ್ರವರಿ ಮಧ್ಯದಲ್ಲಿ ಎಳೆ ತೆಂಗಿನ ಸಾಲುಗಳ ನಡುವೆ ಮನೆಯಲ್ಲಿದ್ದ ನಾಟಿ ಅವರೆ ಬಿತ್ತಿದೆ. ಬಳ್ಳಿ ಸೊಗಸಾಗಿ ಬಂತು. ಏಪ್ರಿಲ್ ಹೋಯ್ತು, ಮೇ ಹೋಯ್ತು, ಒಂದು ಹೂವಿಲ್ಲ! ಬಳ್ಳಿ ತೆಂಗಿನ ಸಸಿಗಳ ಸುಳಿಗೇ ಸುತ್ತಿಕೊಂಡಿತು. ನೀರು ಕಡಿಮೆ ಮಾಡಿದೆ. ಹೂ ಬರಿಸುವ ಟಾನಿಕ್ ಎಂದು ಯಾರೋ ಹೇಳಿದ್ದನ್ನೂ ಹೊಡೆದೆ. ದುಡ್ಡು ಹೋಯ್ತು ಅಷ್ಟೆ.

ಅಮ್ಮ ನಕ್ಕಳು. "ಅವರೆ ಚಳಿ ಕಾಣದೆ ಹೂ ಬಿಡಲ್ಲ ಕಣಪ್ಪ. ಶಿವರಾತ್ರೀಲಿ ಹಾಕಿ ಯುಗಾದಿ ಕಳೀತಿದ್ದಂಗೆ ಕಾಯಿ ಕೇಳಿದ್ರೆ ಎಲ್ಲಿಂದ ಕೊಡುತ್ತೆ?"

ಜೂನ್‌ನಲ್ಲಿ ಬಳ್ಳಿ ಕಿತ್ತು ತೆಂಗಿನ ಸಸಿಗಳ ಬುಡಕ್ಕೆ ಮುಚ್ಚಿಗೆ ಹಾಕಿದೆ. ಬೇಲಿ ಬದಿಯ ಒಂದು ಸಾಲು ಮಾತ್ರ ಉಳಿಸಿಕೊಂಡೆ. ಅದು ಹೂ ಬಿಟ್ಟದ್ದು ನವೆಂಬರ್ ಮಧ್ಯಕ್ಕೆ. ಆಗಸ್ಟ್‌ನಲ್ಲಿ ಹೊಲಕ್ಕೆ ಬಿತ್ತಿದ್ದ ಅದೇ ಬೀಜವೂ ಅದೇ ವಾರ ಹೂ ಬಿಟ್ಟಿತು. ಒಂದಕ್ಕೆ ಒಂಬತ್ತು ತಿಂಗಳು, ಇನ್ನೊಂದಕ್ಕೆ ಮೂರೇ ತಿಂಗಳು!

ಚಳಿಯೋ, ಹಗಲೋ?

ಅಮ್ಮನ ಮಾತು ಅರ್ಧ ನಿಜ. ಉಳಿದರ್ಧ ಬೀದಿದೀಪ ಹೇಳಿತು. ಬೇಲಿ ಸಾಲಿನ ಒಂದು ತುದಿ ದೀಪದ ಕಂಬದ ಕೆಳಗಿತ್ತು. ಅಲ್ಲಿಯ ಬಳ್ಳಿಗಳು ಇಪ್ಪತ್ತು ದಿನ ತಡವಾಗಿ ಹೂ ಬಿಟ್ಟವು. ದೀಪಕ್ಕೆ ತೀರ ಹತ್ತಿರವಿದ್ದ ಎರಡು ಬಳ್ಳಿ ಬಿಡಲೇ ಇಲ್ಲ. ಚಳಿ ಎರಡು ತುದಿಗೂ ಒಂದೇ. ಬೇರೆ ಇದ್ದದ್ದು ಬೆಳಕು ಮಾತ್ರ.

ಇದು ಹೊಸ ಸಂಗತಿಯೇನಲ್ಲ. 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನೇ ಪ್ರಕಟಿಸಿದರು. ಒಂದು ತಳಿಯ ಸೋಯಾ ಅವರೆಯನ್ನು ಬೇರೆ ಬೇರೆ ದಿನ ಬಿತ್ತಿದರೂ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಟ್ಟವು. ಗಿಡ ನಿಜವಾಗಿ ಅಳೆಯುವುದು ರಾತ್ರಿಯ ಕತ್ತಲನ್ನು ಎಂಬುದು 1938ರ ಹೊತ್ತಿಗೆ ತಿಳಿಯಿತು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಗಿಡದ ಲೆಕ್ಕ ತಪ್ಪುತ್ತದೆ. ಸೇವಂತಿಗೆ ಬೆಳೆಗಾರರು ರಾತ್ರಿ ತೋಟದಲ್ಲಿ ಬಲ್ಬು ಉರಿಸಿ ಹೂವನ್ನು ಮುಂದಕ್ಕೆ ಹಾಕುವುದು ಇದೇ ಗುಟ್ಟಿನಿಂದ.

ನಮ್ಮೂರ ಹಗಲು ಎಷ್ಟುದ್ದ?

ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಆರು ತಿಂಗಳು ನಮ್ಮ ಉತ್ತರದ ಭಾಗ ಸೂರ್ಯನ ಕಡೆಗೆ ಬಾಗಿರುತ್ತದೆ, ಆರು ತಿಂಗಳು ಆಚೆಗೆ. ತಿಪಟೂರಿನಲ್ಲಿ ಹಗಲಿನ ಲೆಕ್ಕ ಸುಮಾರಾಗಿ ಹೀಗೆ:

ಜೂನ್ 21: 12 ಗಂಟೆ 54 ನಿಮಿಷ
ಆಗಸ್ಟ್ 15: 12 ಗಂಟೆ 34 ನಿಮಿಷ
ಸೆಪ್ಟೆಂಬರ್ 23: 12 ಗಂಟೆ 6 ನಿಮಿಷ
ನವೆಂಬರ್ 20: 11 ಗಂಟೆ 29 ನಿಮಿಷ
ಡಿಸೆಂಬರ್ 21: 11 ಗಂಟೆ 20 ನಿಮಿಷ
ಫೆಬ್ರವರಿ 15: 11 ಗಂಟೆ 42 ನಿಮಿಷ

ದೆಹಲಿಯಲ್ಲಿ ಜೂನ್ ಹಗಲು ಸುಮಾರು 14 ಗಂಟೆ, ಡಿಸೆಂಬರಿನದು ಹತ್ತೂಕಾಲು ಗಂಟೆಯ ಸುತ್ತಮುತ್ತ. ನಮ್ಮಲ್ಲಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ನಮಗೆ ಗೊತ್ತಾಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ. ನನ್ನ ಫೆಬ್ರವರಿ ಬೀಜ ಮೊಳೆತಾಗ ಹಗಲು ದಿನದಿನಕ್ಕೆ ಬೆಳೆಯುತ್ತಿತ್ತು. ಹೂವಿನ ಕಾಲ ಇನ್ನೂ ಬಂದಿಲ್ಲ ಎಂದು ಬಳ್ಳಿ ಸುಮ್ಮನೆ ಹಬ್ಬಿತು.

ಹಿರಿಯರ ಮಳೆ ನಕ್ಷತ್ರದ ಲೆಕ್ಕವೂ ಸೂರ್ಯನದ್ದೇ. ಆರಿದ್ರ ಮಳೆ ಹುಟ್ಟುವುದು ವರ್ಷದ ಅತಿ ಉದ್ದದ ಹಗಲಿನ ಆಸುಪಾಸಿನಲ್ಲಿ. ಉತ್ತರೆ, ಹಸ್ತದ ಹೊತ್ತಿಗೆ ಹಗಲು ರಾತ್ರಿ ಸಮ. ಆಗ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಂತೆ ಕುಗ್ಗುತ್ತಿರುತ್ತದೆ. ಹುರುಳಿಯನ್ನು ಆ ಮಳೆಗಳಲ್ಲಿ ಚೆಲ್ಲಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಮುಂಗಾರಿನಲ್ಲೇ ಚೆಲ್ಲಿದರೆ ಹುರುಳಿಯೂ ಬರೀ ಸೊಪ್ಪಾಗುತ್ತದೆ.

ಈಗ ನಾನು ಮಾಡುತ್ತಿರುವುದು

ಸೊಗಡಿನ ನಾಟಿ ಅವರೆಯನ್ನು ಜುಲೈ-ಆಗಸ್ಟ್‌ನಲ್ಲೇ ಬಿತ್ತುತ್ತೇನೆ. ಬಳ್ಳಿ ಬಲಿಯಲು ಸಮಯ ಸಿಗುತ್ತದೆ, ಅತಿಯಾಗಿ ಹಬ್ಬುವುದೂ ಇಲ್ಲ. ಅಕ್ಟೋಬರಿಗೆ ತಡ ಮಾಡಿದರೆ ಮೊಳಕಾಲುದ್ದದ ಗಿಡವೇ ಹೂ ಬಿಟ್ಟು ಮುಗಿಸುತ್ತದೆ. ಬೇಸಿಗೆಗೆ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ 4 ಹಾಕುತ್ತೇನೆ. ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಒಂದೂವರೆ ತಿಂಗಳ ಸುಮಾರಿಗೆ ಹೂ ಬಿಡುತ್ತವೆ. ನಾಟಿಯ ಸೊಗಡು ಮಾತ್ರ ಅಷ್ಟಿಲ್ಲ.

ನೆರಳಿನ ಲೆಕ್ಕವನ್ನೂ ಮರೆಯಬೇಡಿ. ಡಿಸೆಂಬರಿನ ನಡುಹಗಲಲ್ಲಿ ಅರವತ್ತಡಿ ತೆಂಗಿನ ನೆರಳು ಉತ್ತರಕ್ಕೆ ನಲವತ್ತೈದು ಅಡಿ ಚಾಚುತ್ತದೆ. ಜೂನ್ ನಡುಹಗಲಲ್ಲಿ ಅದೇ ನೆರಳು ದಕ್ಷಿಣಕ್ಕೆ ಹತ್ತು ಹನ್ನೊಂದು ಅಡಿ ಮಾತ್ರ. ಬಿತ್ತುವಾಗ ಬಿಸಿಲಿದ್ದ ಜಾಗ ಹೂ ಬಿಡುವಾಗ ನೆರಳಾಗಬಹುದು. ಎತ್ತರದ ಮರಗಳ ಉತ್ತರಕ್ಕೆ ನಾನೀಗ ಅವರೆ ಹಾಕುವುದಿಲ್ಲ.

ಮನೆಯಲ್ಲಿ ನಾಟಿ ಬೀಜವಿದ್ದರೆ ನೀವೂ ಮಾಡಿ ನೋಡಿ. ಜೂನ್‌ನಿಂದ ತಿಂಗಳಿಗೆ ನಾಲ್ಕು ಕಾಳಿನಂತೆ ಊರಿ, ಬಿತ್ತಿದ ದಿನ ಮತ್ತು ಮೊದಲ ಹೂವಿನ ದಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ನಾನು ಇಪ್ಪತ್ತು ಗುಂಟೆ ತೆತ್ತು ಕಲಿತದ್ದನ್ನು ನೀವು ಒಂದು ಹಿಡಿ ಬೀಜದಲ್ಲಿ ಕಲಿಯಬಹುದು.