ಶಾಲೆ ಆರಿಸುವ ಮುನ್ನ

ಮಗಳೇ, ಮಗುವನ್ನು ಪೂರ್ತಿ ಇಂಗ್ಲಿಷ್ ಮೀಡಿಯಂಗೆ ಹಾಕುವುದೋ, ಊರಿನ ಸರ್ಕಾರಿ ಶಾಲೆಯ ದ್ವಿಭಾಷಾ ತರಗತಿಗೆ ಸೇರಿಸುವುದೋ ಎಂದು ನೀನೂ ಅಳಿಯಂದಿರೂ ಯೋಚನೆಗೆ ಬಿದ್ದಿದ್ದೀರಿ. ಪ್ರೈಮರಿ ಮೇಷ್ಟ್ರಾಗಿ ಬಾಳು ಸವೆಸಿದವನು ನಾನು. ನಾಲ್ಕು ಮಾತು ಹೇಳುತ್ತೇನೆ, ಸರಿ ಕಂಡರೆ ಇಟ್ಟುಕೋ.

ಇಂಗ್ಲಿಷ್ ಬೇಕೆಂಬ ನಿನ್ನ ಆಸೆಯಲ್ಲಿ ತಪ್ಪಿಲ್ಲ. ಕೂಲಿ ಮಾಡುವ ತಾಯಿಯೊಬ್ಬಳು ಚೀಟಿ ಎತ್ತಿ ಫೀಸು ಕಟ್ಟಿ ಮಗನನ್ನು ಕಾನ್ವೆಂಟಿಗೆ ಕಳಿಸಿದರೆ ಅದನ್ನು ವ್ಯಾಮೋಹ ಎಂದು ಹಂಗಿಸುವ ಹಕ್ಕು, ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲೇ ಓದಿಸಿ ವೇದಿಕೆಯ ಮೇಲೆ ಕನ್ನಡದ ಭಾಷಣ ಬಿಗಿಯುವವರಿಗೆ ಇಲ್ಲ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ ನಮ್ಮ ಸರ್ಕಾರದ 1994ರ ಆದೇಶ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ನಿಲ್ಲಲಿಲ್ಲ. ಮಾಧ್ಯಮದ ಆಯ್ಕೆ ತಂದೆತಾಯಿಯದು ಎಂದಾಯಿತು. ಹಕ್ಕು ನಿನ್ನದಾದ ಮೇಲೆ ಹೊಣೆಯೂ ನಿನ್ನದೇ.

ತಂದೆತಾಯಿ ಮೋಸಹೋಗುವುದು ಎಲ್ಲಿ ಗೊತ್ತೇ? ಮಗು ಆರು ತಿಂಗಳಿಗೆ ರೈಮ್ಸ್ ಹೇಳಿ, 'ಮೇ ಐ ಕಮ್ ಇನ್' ಅಂದರೆ ಇಂಗ್ಲಿಷ್ ಬಂದೇಬಿಟ್ಟಿತು ಎಂದು ಹಿಗ್ಗುತ್ತಾರೆ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸಿಗರ ಮಕ್ಕಳ ಕಲಿಕೆಯನ್ನು ನೋಡಿ ಒಂದು ವ್ಯತ್ಯಾಸ ತೋರಿಸಿದರು. ಆಟ, ಮಾತುಕತೆಯ ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠ ಓದಿ ಅರ್ಥ ಮಾಡಿಕೊಳ್ಳುವ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಅದೂ ಬೀದಿಯಲ್ಲಿ, ಅಂಗಡಿಯಲ್ಲಿ, ಟೀವಿಯಲ್ಲಿ ಇಂಗ್ಲಿಷೇ ಕಿವಿಗೆ ಬೀಳುವ ದೇಶದಲ್ಲಿ! ನಮ್ಮೂರಲ್ಲಿ ಶಾಲೆಯ ಗೇಟು ದಾಟಿದರೆ ಇಂಗ್ಲಿಷ್ ಎಲ್ಲಿದೆ? ಅಷ್ಟು ವರ್ಷ ಕೂಡುವುದು, ಕಳೆಯುವುದು, ಗಿಡಮರದ ಪಾಠ ಎಲ್ಲ ಅರ್ಥವಾಗದೆಯೇ ಸರಿದುಹೋಗಬೇಕೇ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಈ ಜಗಳ ನಡೆದಿದೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಒಂದು ವರ್ಷ ಇಂಗ್ಲಿಷನ್ನೇ ತುಂಬಿದರೆ ಸಾಕು ಎಂದು ನಂಬಿ, 1998ರಲ್ಲಿ ಅಲ್ಲಿನ ಜನ ಮತ ಹಾಕಿ ಮನೆಮಾತಿನ ಪಾಠವನ್ನು ಬಹುಮಟ್ಟಿಗೆ ನಿಲ್ಲಿಸಿದರು. 2016ರಲ್ಲಿ ಅದೇ ರಾಜ್ಯದ ಮತದಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಆ ನಿರ್ಬಂಧ ಬೇಡ ಅಂದರು. ಇಂಗ್ಲಿಷೇ ಆಳುವ ನೆಲದಲ್ಲಿ ಎರಡು ಭಾಷೆಯ ಶಾಲೆಗೆ ಬೇಡಿಕೆ ಇದೆ. ಇಲ್ಲಿ ನಾವು ಒಂದನ್ನು ಬಿಟ್ಟರೇ ಇನ್ನೊಂದು ಬರುವುದು ಅಂದುಕೊಂಡಿದ್ದೇವೆ.

ಹಾಗೆಂದು 'ದ್ವಿಭಾಷಾ' ಎಂಬ ಬೋರ್ಡಿಗೂ ಮರುಳಾಗಬೇಡ. ಟೀಚರು ಇಂಗ್ಲಿಷ್ ವಾಕ್ಯ ಓದಿ ತಕ್ಷಣ ಕನ್ನಡದ ಅರ್ಥ ಹೇಳಿಬಿಟ್ಟರೆ, ಮಕ್ಕಳು ಇಂಗ್ಲಿಷಿಗೆ ಕಿವಿಗೊಡುವುದನ್ನೇ ಬಿಟ್ಟು ಅರ್ಥಕ್ಕೆ ಕಾಯುತ್ತಾ ಕೂರುತ್ತವೆ. ವಿಷಯವನ್ನು ಮೊದಲು ಕನ್ನಡದಲ್ಲಿ ತಿಳಿಸಬೇಕು; ತಿಳಿದದ್ದನ್ನೇ ಆಮೇಲೆ ಇಂಗ್ಲಿಷಿನಲ್ಲಿ ಆಡಿಸಬೇಕು, ಬರೆಸಬೇಕು. ಅದಕ್ಕೆ ಎರಡೂ ಭಾಷೆ ನೆಟ್ಟಗೆ ಬಲ್ಲ ಟೀಚರ್ ಬೇಕು, ಅವರಿಗೆ ಪುರುಸೊತ್ತೂ ಬೇಕು. ಒಬ್ಬರೇ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸುಧಾರಿಸುತ್ತಿದ್ದಾರೆಯೇ, ಅವರಿಗೆ ತರಬೇತಿ ಆಗಿದೆಯೇ ಎಂದು ಕೇಳು. ಫೀಸು ಪಡೆಯುವ ಶಾಲೆಯಲ್ಲೂ ಅಷ್ಟೇ: ಕಟ್ಟಡ, ಬಸ್ಸು, ಟೈ ಆಮೇಲೆ ನೋಡು, ಒಂದನೇ ತರಗತಿಗೆ ಕಲಿಸುವವರ ಜೊತೆ ಹತ್ತು ನಿಮಿಷ ಮಾತಾಡಿ ಬಾ.

ಮನೆಯ ಕೆಲಸ ನಿನ್ನದು. 'ವಾಟರ್ ಕುಡಿ, ಹ್ಯಾಂಡ್ ತೊಳಿ' ಅನ್ನುವುದರಿಂದ ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮಾತ್ರ ಕೆಡುತ್ತದೆ. ನಿನ್ನ ಅಮ್ಮ ಕಥೆ ಹೇಳಲಿ. ಮಲಗುವ ಮುಂಚೆ ನೀನು ಕನ್ನಡ ಪುಸ್ತಕ ಓದಿಸು, ಅಳಿಯಂದಿರು ಇಂಗ್ಲಿಷ್ ಪುಸ್ತಕ ಓದಿಸಲಿ.

ನನ್ನ ತೀರ್ಮಾನ ಕೇಳಿದರೆ, ಐದನೆಯವರೆಗೆ ಅರ್ಥ ಕನ್ನಡದಲ್ಲಾಗಲಿ, ಒಂದನೆಯಿಂದಲೇ ಒಳ್ಳೆಯ ಇಂಗ್ಲಿಷೂ ಸಿಗಲಿ. ಯಾವ ಶಾಲೆಗೇ ಹಾಕು, ಸಂಜೆ 'ಮಾರ್ಕ್ಸ್ ಎಷ್ಟು' ಅನ್ನಬೇಡ, 'ಇವತ್ತು ಏನು ಹೇಳಿಕೊಟ್ಟರು' ಎಂದು ಕೇಳು. ಮಗು ತನ್ನ ಮಾತಿನಲ್ಲಿ ವಿವರಿಸಿ, ನಿನಗೇ ಒಂದು ಪ್ರಶ್ನೆ ಹಾಕಿದರೆ ಶಾಲೆ ಸರಿಯಿದೆ. ವರ್ಷವಿಡೀ ಬರೀ ನೋಟ್ಸ್ ಒಪ್ಪಿಸುತ್ತಿದ್ದರೆ, ಎಷ್ಟೇ ಡೊನೇಷನ್ ಕಟ್ಟಿದ್ದರೂ ಶಾಲೆ ಬದಲಿಸು.